ಹೊಗೆ ಕಾಣದ ಮನೆ

ಐನಾಪುರ, ತಾಲೂಕು ಚಿಂಚೋಳಿ
ತಾರೀಖು ೨೮ ಅಕ್ಟೋಬರ್ ೧೯೫೧, ರವಿವಾರ

ತಮ್ಮ ರೇವಣಪ್ಪನಿಗೆ, ನೂರು ವರ್ಷ ಬಾಳೆಂದು ಹರಸಿ ನಿನ್ನ ಅಕ್ಕ ಮಹಾದೇವಮ್ಮ ಬರೆಯುವುದು.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದವನ್ನು ನಾನು ಖುಷಿಯಿಂದ ಬರೆಯುತ್ತಿಲ್ಲ. ನಿನ್ನ ಮಾವ, ನನ್ನ ಯಜಮಾನರು, ಬರೆಸುತ್ತಿದ್ದಾರೆ. ಅವರ ಕಣ್ಣಿಗೆ ಪೊರೆ ಬಂದು ವರ್ಷವಾಯಿತು, ಅಕ್ಷರ ಕಾಣುವುದಿಲ್ಲ. ಆದರೂ ನಾನು ಎದ್ದು ಹೋಗದಂತೆ ಬಾಗಿಲಿಗೆ ಅಡ್ಡ ಕುಳಿತಿದ್ದಾರೆ. ಶಾಲೆಯ ಮಾಸ್ತರರನ್ನು ಕರೆಸಿ ಬರೆಸುತ್ತೇನೆ ಅಂದೆ. "ಮಾಸ್ತರ ಏನ್ ಮಾಡ್ಯಾನ ಪಾಪ? ಮಾಡಿದಾಕಿ ನೀ, ಬರಿಯಾಕಿ ನೀ" ಅಂದರು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಗಂಡನಿಗೆ ಎದುರು ಮಾತಾಡುವುದು ನನಗೆ ಗೊತ್ತಿಲ್ಲದ ವಿದ್ಯೆಯಲ್ಲ. ಈ ಸಲ ಮಾತ್ರ ಕಾಗದ ಮುಂದಕ್ಕೆ ಎಳೆದುಕೊಂಡೆ.

ನನ್ನ ಅಕ್ಷರ ನೋಡಿ ನಗಬೇಡ. ಮಠದ ಅಯ್ಯನವರ ಹತ್ತಿರ ಮೂರನೆಯ ಪುಸ್ತಕದ ಅರ್ಧಕ್ಕೆ ಬಂದಿದ್ದೆ, ಅಷ್ಟರಲ್ಲಿ ನೀನು ಹುಟ್ಟಿದೆ. ಅವ್ವ ಹೊಲಕ್ಕೆ ಹೋದರೆ ನಿನ್ನನ್ನು ಎತ್ತಿಕೊಳ್ಳುವವರು ಬೇಕಲ್ಲ. ಕೈಯಲ್ಲಿದ್ದ ಪಾಟಿ ಇಳಿಸಿ ಸೊಂಟದ ಮೇಲೆ ನಿನ್ನನ್ನು ಏರಿಸಿದರು. ಆಮೇಲೆ ನೀನು ಕಲಬುರ್ಗಿಗೆ ಹೋಗಿ ಉರ್ದು, ಇಂಗ್ಲಿಷು ಎಲ್ಲ ಕಲಿತೆ. ಹಾಗಾಗಿ ಇಲ್ಲಿ ತಪ್ಪು ಕಂಡರೆ ಅರ್ಧ ತಪ್ಪು ನಿನ್ನದು ಅಂತ ತಿಳಿದುಕೊಂಡು ಓದು.

ನೀನು ಶಹಾಬಾದದಿಂದ ನಿನ್ನ ಮಾವನಿಗೆ ಬರೆದದ್ದು ಹೋದ ಸೋಮವಾರ ಮುಟ್ಟಿತು. ಓದಿ ಹೇಳಿದವಳು ನಾನೇ. ಚುನಾವಣೆಗೆ ನಿಲ್ಲುವುದಿಲ್ಲ, ಸೇಡಂನಲ್ಲಿ ಪಕ್ಷದವರಿಗೆ ಹೇಳಿ ಬಂದಿದ್ದೇನೆ, ಫರಸಿ ಕಲ್ಲಿನ ಅಂಗಡಿಯ ಕೆಲಸ ನನಗೆ ಸಾಕು ಎಂದು ಬರೆದಿದ್ದೀ. ಕಾರಣ ಬರೆದಿಲ್ಲ. ನಮಗೆ ಕಾರಣ ತಿಳಿಯುವುದಿಲ್ಲ ಅಂದುಕೊಂಡೆಯಾ? ಚಿಂಚೋಳಿಯ ಸಭೆಗೆ ನಮ್ಮೂರಿಂದ ಹನ್ನೆರಡು ಮಂದಿ ಬಂದಿದ್ದರು. ಮರುದಿನ ಹೊತ್ತೇರುವುದರೊಳಗೆ ಬಾವಿಯ ಹತ್ತಿರ ಎಲ್ಲ ಮಾತೂ ಬಂದು ಬಿದ್ದಿತ್ತು.

ನೀನು ಮಾತಿಗೆ ಎದ್ದಾಗ ಮುಂದಿನ ಸಾಲಿನವರು ಮೊರದಲ್ಲಿ ಜೋಳ, ಕಾಯಿ, ಖಣ ಇಟ್ಟು, "ಉಡಿ ರೇವಣಪ್ಪಾ, ಉಡಿ ಒಡ್ಡಪಾ" ಅಂತ ಕೂಗಿದರಂತೆ. ನೀನು ನಕ್ಕೆಯಂತೆ. ಆಮೇಲೆ ನಮ್ಮೂರ ಅಂಬರಾಯ ಎದ್ದು ನಿಂತನಂತೆ. "ಹೊಗಿ ಹೊಗಿ ಅಂತ ಹೇಳಿ ಊರ ಮಂದಿ ಒಲಿ ಎಲ್ಲಾ ಮುಟ್ಟಿಸಿದಿ. ನಿಮ್ಮಕ್ಕನ ಮನ್ಯಾಗ ಯಾಕ ಹೊಗಿ ಏಳಲಿಲ್ಲ? ಅಕಿ ಒಲಿ ಮಡಿ, ನಮ್ಮ ಒಲಿ ಮೈಲಿಗಿ ಏನು?" ಅಂತ ಕೇಳಿದನಂತೆ. ಅದಕ್ಕೆ ಉತ್ತರ ಕೊಡದೆ ನೀನು ಕೆಳಗಿಳಿದು ಹೋದೆಯಂತೆ.

ಉಡಿಯ ಮಾತನ್ನು ನೀನು ತಡೆದುಕೊಂಡೆ. ಒಲೆಯ ಮಾತಿಗೆ ಸೋತೆ. ಯಾಕೆಂದರೆ ಅದಕ್ಕೆ ಉತ್ತರ ನಿನ್ನ ಹತ್ತಿರ ಇಲ್ಲ. ನನ್ನ ಹತ್ತಿರ ಇದೆ. ಅದನ್ನು ನನ್ನಿಂದ ಹೊರಡಿಸಲೆಂದೇ ಈ ಮನುಷ್ಯ ಬಾಗಿಲಲ್ಲಿ ಕುಳಿತಿರುವುದು.

ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ಭಾಳಷ್ಟು ನಿನಗೆ ಗೊತ್ತಿರುವುದೇ. ಆದರೆ ನಡುವಿನಿಂದ ಹಿಡಿದರೆ ನಾನು ಮುಖ್ಯವಾದದ್ದನ್ನು ಬಿಟ್ಟು ಬರೆದುಬಿಡುತ್ತೇನೆ. ನನ್ನ ಗುಣ ನನಗೆ ಗೊತ್ತು.

ನಾಲ್ವತ್ತೆಂಟರ ಶ್ರಾವಣ. ರಜಾಕಾರರ ಲಾರಿ ವಾರಕ್ಕೆರಡು ಹಳ್ಳಿ ಹೊಕ್ಕು ಬರುತ್ತಿತ್ತು. ನಮ್ಮೂರಿಗೆ ಒಂದು ಹರದಾರಿ ದೂರದ ದಿನ್ನೆಯ ಮೇಲೆ ಅವರ ನಾಕಾ, ಕಾವಲು ಠಾಣೆ. ಅಲ್ಲಿ ನಿಂತವನಿಗೆ ನಮ್ಮ ಮಾಳಿಗೆಗಳು ಕಾಣುತ್ತಿದ್ದವು. ಊರಿನ ಗಂಡಸರೆಲ್ಲ ಹುಡೇವಿನ ಮೇಲೆ ಕಲ್ಲು ಏರಿಸುತ್ತಿದ್ದರು. ಮುತ್ತಜ್ಜನ ಕಾಲಕ್ಕೆ ಪೆಂಢಾರಿಗಳನ್ನು ಹಿಂದಕ್ಕೆ ಅಟ್ಟಿದ ಬುರುಜು ಅದು, ಈಗಲೂ ಅದೇ ಕಾಯುತ್ತದೆ ಎಂದು ಎಲ್ಲರ ನಂಬಿಕೆ. ನನ್ನದೂ.

ನೀನು ಗಡಿಯಾಚೆಯ ಕ್ಯಾಂಪಿನಿಂದ ಬಂದು ಚಾವಡಿಯಲ್ಲಿ ಮಂದಿ ಕೂಡಿಸಿದೆ. ಹೋರಾಟದವರು ಎಲ್ಲ ಹಳ್ಳಿಗೂ ಒಂದೇ ಮಾತು ಕಳಿಸಿದ್ದರು. ನಾಕಾಕ್ಕೆ ಹತ್ತಿರದ ಊರುಗಳು ಎದುರು ನಿಲ್ಲಬಾರದು, ಊರು ಬಿಟ್ಟು ಅಡವಿ ಸೇರಬೇಕು, ಖಾಲಿ ಊರನ್ನು ಗೆದ್ದು ಅವರಿಗೆ ಸಿಗುವುದೇನೂ ಇಲ್ಲ ಎಂದು. ಬೇರೆ ಊರುಗಳಿಗೆ ಈ ಮಾತು ಒಯ್ದವರು ಮಂದಿಯ ಮುಖ ನೋಡಿ ಮಾತನ್ನು ನುಂಗಿಕೊಂಡು ಹಿಂದಿರುಗಿದರು. ಮುಂದೆ ಆಳುವವರು ನಾವೇ, ಇವತ್ತು ಹೇಡಿ ಅನ್ನಿಸಿಕೊಂಡರೆ ನಾಳೆ ಯಾರು ನಮ್ಮ ಮಾತು ಕೇಳುತ್ತಾರೆ ಎಂಬ ಲೆಕ್ಕ ಅವರದು. ನೀನೊಬ್ಬನೇ ಚಾವಡಿಯ ನಡುವೆ ನಿಂತು, ಇದು ಸರಿ, ಇದನ್ನೇ ಮಾಡಬೇಕು ಅಂದೆ.

ಅಂಬರಾಯ ಎದ್ದ. "ಹಂಗಾದ್ರ ಹುಡೇವು ಕಟ್ಟಿದ್ದು ಯಾಕ? ಹೆಣ್ಮಕ್ಕಳು ಶ್ಯಾವಿಗಿ ಒಣಸಲಿಕ್ಕೇನು?" ಅಂದ. ಮಂದಿ ನಕ್ಕರು. ನಾನೂ ನಕ್ಕೆ. ನೀನು, "ನಮ್ಮವು ಮೂರು ಬಂದೂಕ ಅವ ಅಂಬರಾಯ. ಅದರಾಗ ಹಾರೋದು ಎರಡು" ಅಂದೆ. ಆಗ ಯಾರೂ ನಗಲಿಲ್ಲ, ಆದರೆ ಯಾರೂ ಒಪ್ಪಲಿಲ್ಲ.

ಆಮೇಲೆ ನಿನ್ನ ಸ್ವಂತದ ಉಪಾಯ ಹೊರಗೆ ಬಂತು. ಮುದುಕರು, ಬಸುರಿಯರು, ದನಕರು ಕಟ್ಟಿಕೊಂಡು ಕುಂಚಾವರಂ ಅಡವಿ ಸೇರಲು ಬಂಡಿಯಲ್ಲಿ ಎರಡು ದಿನ ಬೇಕು. ಅಷ್ಟರೊಳಗೆ ನಾಕಾದವರಿಗೆ ತಿಳಿದರೆ ದಾರಿಯಲ್ಲೇ ಹಿಡಿಯುತ್ತಾರೆ. ದೂರದಿಂದ ಊರು ನೋಡುವವನಿಗೆ ಮನುಷ್ಯರು ಕಾಣುವುದಿಲ್ಲ, ಸಂಜೆ ಏಳುವ ಒಲೆಯ ಹೊಗೆ ಕಾಣುತ್ತದೆ. ಆದ್ದರಿಂದ ಎರಡು ಸಂಜೆ ಪ್ರತಿ ಮನೆಯ ಬೆಳಕಿಂಡಿಯಿಂದಲೂ ಹೊಗೆ ಏಳಬೇಕು. ಅದಕ್ಕೆ ಹತ್ತಿ ಹಿಂಜುವ ಮಜೀದಸಾಬ, ಅವನ ಹೆಂಡತಿ ಜೈತುನ್ಬೀ ಊರಲ್ಲೇ ಉಳಿಯುತ್ತಾರೆ, ಒಪ್ಪಿದ್ದಾರೆ. ಎಲ್ಲರೂ ಅಡುಗೆ ಮನೆಯ ಬಾಗಿಲು ತೆರೆದಿಟ್ಟು, ಒಲೆಯ ಬದಿಗೆ ಕುಳ್ಳು ಇಟ್ಟು ಹೋಗಬೇಕು.

ಅಲ್ಲಿಯವರೆಗೆ ಊರು ಬಿಡುವುದು ಅವಮಾನವಾಗಿತ್ತು. ಈಗ ಅದಕ್ಕಿಂತ ದೊಡ್ಡದು ಬಂದು ಕುಳಿತಿತು. ನಾವು ಲಿಂಗ ಕಟ್ಟಿದ ಮಂದಿ. ನನ್ನ ಅಡುಗೆ ಮನೆಗೆ ನನ್ನ ಮಗಳು ಸಹ ಮೈ ತೊಳೆಯದೆ ಕಾಲಿಡುತ್ತಿರಲಿಲ್ಲ. ನನ್ನ ಒಲೆಯನ್ನು ಜೈತುನ್ಬೀ ಹಚ್ಚುವುದೇ? ಹೆಂಗಸರೆಲ್ಲ ಗದ್ದಲ ಎಬ್ಬಿಸಿದರು. ಎಲ್ಲರಿಗಿಂತ ದೊಡ್ಡ ಗಂಟಲು ನನ್ನದು. ಆ ಇಬ್ಬರು ಗಂಡ ಹೆಂಡತಿ ಚಾವಡಿಯ ಕಂಬದ ಹತ್ತಿರ ನಿಂತು ಎಲ್ಲ ಕೇಳುತ್ತಿದ್ದರು. ಸಿಕ್ಕಿಬಿದ್ದರೆ ತಮ್ಮವರೇ ತಮ್ಮನ್ನು ದ್ರೋಹಿಗಳೆಂದು ಕಡಿಯುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ನಮಗೆ ಒಲೆಯ ಚಿಂತೆ.

ನಾನು ಸಿಟ್ಟಿನಲ್ಲಿ ಮನೆಗೆ ಹೋದೆ. ಸೇರು ಜೋಳ, ಕಾಯಿ, ಎಲೆ ಅಡಿಕೆ, ಬೆಲ್ಲ, ನನ್ನ ಮದುವೆಯ ಹಸಿರು ಖಣ ಮೊರದಲ್ಲಿಟ್ಟು ತಂದೆ. ತವರಿಂದ ಹೊರಡುವ ಹೆಣ್ಣು ಮಗಳಿಗೆ ಸೆರಗಲ್ಲಿ ತುಂಬಿ ಕಳಿಸುತ್ತೇವಲ್ಲ, ಹಾಗೆ ಊರ ಮುಂದೆ ನಿನಗೆ ಉಡಿ ತುಂಬಿದೆ. "ಊರು ಬಿಟ್ಟು ಹೊಂಟಾಕಿ, ತಗೋ" ಅಂದೆ. ಅಂಥ ಕೆಲಸವನ್ನು ಜನ್ಮದ ವೈರಿಯೂ ಮಾಡುವುದಿಲ್ಲ. ನೀನು ಮೊರವನ್ನು ಒದೆಯುತ್ತೀ ಎಂದು ಎಲ್ಲರೂ ಕಾದರು. ನೀನು ಹೆಗಲ ಮೇಲಿನ ಶಲ್ಯ ತೆಗೆದು ಎರಡು ಕೈಯಲ್ಲಿ ಒಡ್ಡಿ, "ಅಕ್ಕ ಕೊಟ್ಟದ್ದು, ಒಲ್ಲೆ ಅನಬಾರದು" ಅಂದೆ. ಗಂಟು ಕಟ್ಟಿಕೊಂಡೆ. ನಂತರ ಅದೇ ದನಿಯಲ್ಲಿ, "ನಾಳಿ ಮಧ್ಯಾಹ್ನ ಬಂಡಿ ಹೂಡ್ರಿ. ಹಳ್ಳದ ಒಳಗಿಂದ ಹೋಗೋಣು, ನಾಕಾದವರಿಗೆ ಕಾಣಲ್ಲ" ಅಂದೆ.

ಮಂದಿ ಯಾಕೆ ಹೊರಟರೋ ನನಗೆ ಇಂದಿಗೂ ತಿಳಿಯದು. ನಿನ್ನ ಮಾತಿಗಲ್ಲ. ನೀನು ಆ ಗಂಟು ಕಟ್ಟಿಕೊಂಡ ರೀತಿಗೆ ಇರಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ನಿನ್ನ ಮಾವ ಎತ್ತು ಹೂಡಿ, "ನೀ ಹುಡೇವು ಕಾಯ್ಕೋತ ಕುಂದ್ರು, ನಾ ಮಗಳ ಕರಕೊಂಡು ಹೊಂಟೆ" ಅಂದರು. ಬಸುರಿ ರತ್ನಾಬಾಯಿಗೆ ಒಂಬತ್ತು ತಿಂಗಳು ತುಂಬಿತ್ತು. ನಾನು ಬಂಡಿ ಹತ್ತಿದೆ.

ಈಗ ಒಲೆಯ ಮಾತು. ಇಲ್ಲಿಗೆ ಬಂದು ನಾನು ಎರಡು ಸಲ ಎದ್ದು ನೀರು ಕುಡಿದೆ. ಬಾಗಿಲಲ್ಲಿ ಕುಳಿತವರು "ಮತ್ತ ನೀರಡಿಕಿ ಆತೇನು" ಅಂತ ಕೇಳುತ್ತಿದ್ದಾರೆ.

ಬಂಡಿ ಹತ್ತುವ ಮೊದಲು ನೀನು ಮನೆ ಮನೆಗೆ ಹೋಗಿ ಕೇಳಿದೆ, ನಮ್ಮಲ್ಲಿಗೂ ಬಂದು ಕೇಳಿದೆ, ಒಳಬಾಗಿಲು ತೆರೆದಿದೆಯಾ ಎಂದು. ತೆರೆದಿದೆ ಅಂದೆ. ಅಕ್ಕನ ಮಾತು ಎಂದು ನೀನು ಒಳಗೆ ಹೋಗಿ ನೋಡಲಿಲ್ಲ. ಅದು ತೆರೆದಿರಲಿಲ್ಲ ರೇವಣಪ್ಪ. ಅಡುಗೆ ಮನೆಗೂ ಬೀಗ, ತಲಬಾಗಿಲಿಗೂ ಬೀಗ. ಎರಡು ಕೀಲಿಯೂ ನನ್ನ ನಡುವಿನಲ್ಲಿ ಸಿಕ್ಕಿಸಿಕೊಂಡಿದ್ದೆ. ನಾಕಾದ ಕಡೆಗೆ ಮೊದಲು ಕಾಣುವ ಮನೆ ನಮ್ಮದೇ. ಊರೆಲ್ಲ ಹೊಗೆಯಾಡುವಾಗ ಅದೊಂದು ಮನೆ ಸತ್ತಂತೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಯೋಚಿಸಲಿಲ್ಲ. ನನ್ನ ಒಲೆ ಉಳಿದರೆ ಸಾಕಾಗಿತ್ತು.

ಕಡೆಯ ಬಂಡಿ ಅಂಬರಾಯನದು. ಸಂಜೆ ಅವನು ಹಳ್ಳದ ದಂಡೆ ಏರಿ ತಿರುಗಿ ನೋಡಿದಾಗ ಎಲ್ಲ ಮನೆಯ ಮೇಲೆ ಹೊಗೆ, ನನ್ನ ಮನೆಯ ಮೇಲೆ ಇಲ್ಲ. ಅಡವಿಯಲ್ಲಿ ಅವನು ಅದನ್ನೇ ಹೇಳಿಕೊಂಡು ತಿರುಗಿದ. ಊರಿಗೆಲ್ಲ ಒಂದು ಕಾನೂನು, ಅಕ್ಕನಿಗೆ ಒಂದು ಎಂದು. ನೀನು ನನ್ನನ್ನು ಮರದ ಕೆಳಗೆ ಕರೆದು ಕೇಳಿದೆ, "ಅಕ್ಕಾ, ಖರೇ ಹೇಳು, ಬಾಗಲಾ ತೆರದಿತ್ತೋ ಇಲ್ಲೋ?" ನಿನ್ನ ಮುಖ ನೋಡಿ "ತೆರದಿತ್ತು" ಅಂದೆ. ಮತ್ತೆ ನೀನು ಕೇಳಲಿಲ್ಲ. ಮಂದಿಗೂ ಏನೂ ಹೇಳಲಿಲ್ಲ. ಅಕ್ಕ ಸುಳ್ಳು ಹೇಳುತ್ತಿದ್ದಾಳೆ ಎಂದು ಗೊತ್ತಾಗಿಯೇ ಸುಮ್ಮನಾದೆಯೋ, ನಂಬಿ ಸುಮ್ಮನಾದೆಯೋ, ನನಗೆ ತಿಳಿಯದು. ಎರಡರಲ್ಲಿ ಯಾವುದಾದರೂ ನನಗೆ ಒಳ್ಳೆಯದಲ್ಲ.

ಮೂರನೆಯ ದಿನಕ್ಕೆ ಕುಂಚಾವರಂ ಮುಟ್ಟಿದೆವು. ನಾಲ್ಕನೆಯ ದಿನ ಬೆಳಗಾಗುವಾಗ ರತ್ನಾಬಾಯಿಗೆ ನೋವು ಬಂತು. ಅಲ್ಲಿಯ ಒಂದು ತೆಲುಗು ಮುದುಕಿ ಹೆರಿಗೆ ಮಾಡಿಸಿದಳು. ಕೂಸನ್ನು ಸುತ್ತಲು ಒಣಗಿದ ಅರಿವೆ ಒಂದೂ ಇರಲಿಲ್ಲ, ಎಲ್ಲ ಮಳೆಯಲ್ಲಿ ನೆನೆದಿತ್ತು. ನೀನು ನಿನ್ನ ಗಂಟು ಬಿಚ್ಚಿ ಆ ಹಸಿರು ಖಣ ಕೊಟ್ಟೆ. ನಿನ್ನನ್ನು ಹೀಯಾಳಿಸಲು ನಾನು ಕೊಟ್ಟ ಅರಿವೆಯಲ್ಲಿ ನನ್ನ ಮೊಮ್ಮಗನನ್ನು ಸುತ್ತಿ ನನ್ನ ಕೈಯಲ್ಲಿಟ್ಟರು. ನೀನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನು ಜಗಳ ತೆಗೆದು ಹಗುರಾಗುತ್ತಿದ್ದೆ. ಆ ಉಪಕಾರವನ್ನೂ ಮಾಡಲಿಲ್ಲ ನೀನು.

ಅದೇ ಹೊತ್ತಿಗೆ ಇಲ್ಲಿ ಲಾರಿ ಬಂದಿತ್ತು. ಖಾಲಿ ಊರು ನೋಡಿ ಬಣಿವೆ ಸುಟ್ಟರು, ಕದ ಮುರಿದರು, ಮಜೀದಸಾಬನನ್ನು ಹೊಡೆದರು. ಅವನ ಎಡಗಿವಿ ಇಂದಿಗೂ ಕೇಳುವುದಿಲ್ಲ. ಅದೇ ವಾರ ಅದೇ ಲಾರಿ ಇನ್ನೊಂದು ಊರಿಗೆ ಹೋಯಿತು. ಅದರ ಹೆಸರು ಬರೆಯುವುದಿಲ್ಲ, ನಮ್ಮ ಬೀಗರ ಊರು. ಅಲ್ಲಿಯವರು ಹುಡೇವು ಏರಿ ಎದುರು ನಿಂತರು. ಒಂಬತ್ತು ಗಂಡಸರು ಹೋದರು. ಅವರು ಶೂರರೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಹೋದ ವರ್ಷ ಅಲ್ಲಿ ಹೆಸರು ಕೆತ್ತಿದ ಕಲ್ಲು ನಿಲ್ಲಿಸಿದರು. ಆ ಕಲ್ಲು ನಿನ್ನ ಅಂಗಡಿಯಲ್ಲೇ ನುಣುಪಾದದ್ದು, ನೀನೇ ವಾಡಿಯವರೆಗೆ ಬಂದು ಬಂಡಿಗೆ ಏರಿಸಿ ಕಳಿಸಿದೆ ಎಂದು ಕೇಳಿದೆ. ನಮ್ಮೂರಲ್ಲಿ ಅಂಥ ಕಲ್ಲಿಲ್ಲ. ಅದರ ಮೇಲೆ ಬರಬೇಕಾದ ಹೆಸರಿನವರೆಲ್ಲ ಚಾವಡಿಯಲ್ಲಿ ಎಲೆ ಅಡಿಕೆ ಜಗಿಯುತ್ತ ನಿನ್ನನ್ನು ಹೇಡಿ ಅನ್ನುತ್ತಿದ್ದಾರೆ.

ಫೌಜು ಬಂದು ನಿಜಾಮನ ಆಟ ಮುಗಿದ ಮೇಲೆ ನಾವು ಊರಿಗೆ ಬಂದೆವು. ಹೆಂಗಸರು ಅತ್ತುಕೊಂಡು ಒಲೆ ಒಡೆದು, ಹೊಸ ಮಣ್ಣು ತಂದು ಹೊಸ ಒಲೆ ಹಾಕಿದರು. ನಾನು ಒಡೆಯಲಿಲ್ಲ. ಒಡೆಯಲಿಲ್ಲ ಅಷ್ಟೇ ಅಲ್ಲ, ನೆರೆಮನೆಯ ಬಸ್ಸಮ್ಮನ ಮುಂದೆ ಸೆಟೆದು ನಿಂತು "ನನ್ನ ಒಲಿ ನನ್ನದೇ ಅದ" ಅಂದೆ. ಅಂಬರಾಯ ನೋಡಿದ್ದಕ್ಕೆ ನಾನೇ ಸಾಕ್ಷಿ ಕೊಟ್ಟಂತಾಯಿತು. ಆ ಮಾತು ಚಿಂಚೋಳಿಯ ಸಭೆಯವರೆಗೆ ನಡೆದು ಬಂದದ್ದು ಹೀಗೆ.

ಅದೇ ದಿನ ಸಂಜೆ ಮಾಳಿಗೆ ಏರಿದೆ. ಬೆಳಕಿಂಡಿಯ ಸುತ್ತ ಮಣ್ಣು ಸುಟ್ಟು ಕರಿಯಾಗಿತ್ತು, ಬೂದಿ ಮಳೆಗೆ ಮೆತ್ತಿಕೊಂಡಿತ್ತು. ಜೈತುನ್ಬೀಯನ್ನು ಕರೆದು ಇದೇನು ಅಂತ ಬೈಯುವ ದನಿಯಲ್ಲೇ ಕೇಳಿದೆ. ಅವಳು ಹೇಳಿದಳು: "ಅವ್ವಾರ, ನಿಮ್ಮ ಬಾಗಲಾ ಹಾಕಿತ್ರಿ. ಮುರದ್ರ ನೀವು ಬೈತೀರಿ ಅಂತ ಮಾಳಿಗಿ ಏರಿ ಕಿಂಡಿ ಬಾಜೂಕ ಕುಳ್ಳ ಹಚ್ಚಿದೆ. ಮೊದಲನೇ ದಿನ ಸ್ವಲ್ಪ ತಡ ಆಯ್ತು." ಎರಡನೆಯ ಸಂಜೆ ನಾಕಾದವನೊಬ್ಬ ಕುದುರೆ ಮೇಲೆ ಬಂದು, ಮಾಳಿಗೆಯ ಮೇಲೆ ಯಾಕೆ ಬೆಂಕಿ ಎಂದು ಕೇಳಿದನಂತೆ. ಮಾಳಿಗೆ ಸೋರುತ್ತದೆ, ಹಸಿ ಒಣಗಲಿ ಎಂದು ಹಚ್ಚಿದ್ದೇನೆ ಅಂದಳಂತೆ. ಒಳಗೆ ನೋಡುತ್ತೇನೆ ಅಂದನಂತೆ. ಒಳಗೆ ಹೆಂಗಸು ಹೆರಲು ಕುಳಿತಿದ್ದಾಳೆ, ನೀನು ಬಂದು ಮಾಡುವುದೇನು ಅಂದಳಂತೆ. ಅವನು ನಾಚಿ ಹೋದನಂತೆ. ತಲಬಾಗಿಲಿಗೆ ಹೊರಗಿನಿಂದ ಜಡಿದ ಬೀಗ ಅವನ ಕಣ್ಣಿಗೆ ಬೀಳಬಾರದೆಂದು ಮಜೀದಸಾಬ ಕೌದಿ ಹೊದ್ದು ಅದಕ್ಕೆ ಬೆನ್ನು ಕೊಟ್ಟು ಕುಳಿತಿದ್ದನಂತೆ, ಚಳಿಜ್ವರ ಬಂದವನ ಹಾಗೆ.

ನಾನು ಅವಳಿಗೆ ಏನೆಂದೆ ಗೊತ್ತೇ? ಯಾರಿಗೂ ಹೇಳಬೇಡ ಅಂದೆ. ಅವಳು ಹೇಳಲಿಲ್ಲ. ಮೂರು ವರ್ಷ.

ನಾನು ತೀರಿಸಬೇಕಾಗಿದ್ದ ಅವಳ ಋಣವನ್ನು ನೀನು ತೀರಿಸಿದೆ. ಫೌಜು ಬಂದ ಹೊಸದರಲ್ಲಿ ಬೇರೆ ಊರುಗಳಲ್ಲಿ ಬಡಪಾಯಿ ಸಾಬರ ಮೇಲೆ ನಡೆದದ್ದನ್ನು ನಾನು ಬರೆಯುವುದಿಲ್ಲ. ನಮ್ಮೂರಲ್ಲೂ ಕೊಡಲಿ ಮಸೆದವರಿದ್ದರು. ನೀನು ಮಜೀದಸಾಬನ ಕಟ್ಟೆಯ ಮೇಲೆ ಎಂಟು ದಿನ ಕುಳಿತೆ, ಅಲ್ಲೇ ಉಂಡೆ, ಅಲ್ಲೇ ಮಲಗಿದೆ. ಮೊದಲು ಓಡಿ ಹೋದ, ಈಗ ಸಾಬರನ್ನು ಕಾಯುತ್ತಾನೆ ಅಂದರು. ಅದಕ್ಕೇ ಅಲ್ಲವೇ ನೀನು ಊರು ಬಿಟ್ಟು ಶಹಾಬಾದದ ಕಲ್ಲು ಸೇರಿದ್ದು.

ನಿನ್ನ ಕಾಗದ ಓದುವಾಗ, "ಕಾರಣ ಬರೆಯುವುದಿಲ್ಲ" ಎಂಬಲ್ಲಿ ನನ್ನ ದನಿ ನಿಂತಿತು. ನಿನ್ನ ಮಾವನಿಗೆ ಕಣ್ಣಿಲ್ಲ, ಕಿವಿ ಇದೆ. "ಬಂಡಿಯೊಳಗ ಎರಡು ದಿನ ನಿನ್ನ ನಡದಾಗ ಕೀಲಿ ಸಪ್ಪಳ ಕೇಳೀನಿ. ತಾನಾಗಿ ಹೇಳ್ತಾಳ ಅಂತ ಮೂರು ವರ್ಷ ಕುಂತೀನಿ. ಇನ್ನ ಸಾಕು" ಅಂದರು. ಅಷ್ಟು ದಿನ ಇವರು ಒಂದು ಮಾತೂ ಕೇಳದೆ ನಾನು ಮಾಡಿದ ರೊಟ್ಟಿ ಉಣ್ಣುತ್ತಿದ್ದರು ಎಂದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮೊನ್ನೆ ಶುಕ್ರವಾರ ಚಾವಡಿಗೆ ಹೋದೆ. ಗಂಡಸರೆಲ್ಲ ಇದ್ದರು. ಬೀಗ ಹಾಕಿದವಳು ನಾನು, ತಮ್ಮನಿಗೆ ಸುಳ್ಳು ಹೇಳಿದವಳು ನಾನು, ನಿಮ್ಮ ಜೀವ ಉಳಿದದ್ದು ನನ್ನ ಮಾಳಿಗೆಯ ಮೇಲೆ ಜೈತುನ್ಬೀ ಹಚ್ಚಿದ ಕುಳ್ಳಿನಿಂದ ಅಂದೆ. ಅಂಬರಾಯ ಎಲೆ ಉಗುಳಿ ಬಂದು, "ಅಂದ್ರ ಮೂರು ವರ್ಷ ನನ್ನ ಬಾಯಿಲೆ ಸುಳ್ಳ ಹೇಳಿಸಿದ್ರಿ ಅವ್ವಾರ" ಅಂದ. ಹೌದು ಅಂದೆ. "ಹಂಗಾದ್ರ ಒಲಿ ಮಾತು ಇನ್ನ ನಾ ಎತ್ತಲ್ಲ. ಆದ್ರ ಓಟ ನಾ ಅವಗ ಹಾಕಲ್ಲ. ಹುಡೇವು ಬಿಡಬಾರದಿತ್ತು" ಅಂದ. ಅವನನ್ನು ಬಾಯಿ ತುಂಬ ಬೈಯಬೇಕೆಂದು ಹೋಗಿದ್ದೆ. ಬೈಯಲಿಲ್ಲ. ಅವನು ತನ್ನ ಮಾತಿನ ಮೇಲೆ ನಿಂತಿದ್ದಾನೆ. ನಾನು ಮೂರು ವರ್ಷ ನಿಂತದ್ದು ಯಾವುದರ ಮೇಲೆ?

ಅಲ್ಲಿಂದ ಜೈತುನ್ಬೀಯ ಮನೆಗೆ ಹೋಗಿ, ನಮ್ಮ ಅಡುಗೆ ಮನೆಗೆ ಬಾ, ನನ್ನ ಒಲೆಯ ಮೇಲೆ ನಿನ್ನ ಕೈಯಿಂದ ಚಹ ಮಾಡು ಅಂದೆ. ಅವಳು ನಕ್ಕಳು. "ಊರ ಒಲಿ ಎಲ್ಲಾ ಊದಿ ಊದಿ ನನ್ನ ಗಂಟಲ ಹೋಗ್ಯಾದ. ನೀವೇ ಕುಂದ್ರಿ, ನಾ ಇಲ್ಲೇ ಮಾಡ್ತೀನಿ" ಅಂದಳು. ಕುಳಿತೆ. ಕುಡಿದೆ. ಬೆಲ್ಲ ಹೆಚ್ಚಾಗಿತ್ತು.

ಈಗ ನಿನಗೆ ಹೇಳಬೇಕಾದದ್ದು. ಇದನ್ನು ಒಂದು ಸಲ ಬರೆಯುತ್ತೇನೆ, ಎದುರಿಗೆ ಬಂದಾಗ ಮತ್ತೆ ಹೇಳು ಅಂತ ಕೇಳಬೇಡ. ಈ ಊರಲ್ಲಿ ಇವತ್ತು ಮುನ್ನೂರಕ್ಕೆ ಮೇಲ್ಪಟ್ಟು ಮಂದಿ ಉಣ್ಣುತ್ತಿದ್ದಾರೆ, ಜಗಳಾಡುತ್ತಿದ್ದಾರೆ, ಮಕ್ಕಳ ಮದುವೆ ಮಾಡುತ್ತಿದ್ದಾರೆ. ನನ್ನ ಮಗಳು ಅಂಗಳ ಸಾರಿಸುತ್ತಿದ್ದಾಳೆ, ಅವಳ ಮಗ ಸಗಣಿಯಲ್ಲಿ ಕಾಲಿಟ್ಟು ಬೈಸಿಕೊಳ್ಳುತ್ತಿದ್ದಾನೆ. ಇದು ನೀನು ಕೊಟ್ಟದ್ದು. ಯಾರೂ ಒಪ್ಪದ ಮಾತನ್ನು ಒಬ್ಬನೇ ನಿಂತು ಒಪ್ಪಿದ್ದಕ್ಕೆ ಬಂದದ್ದು. ನಾನು ಎತ್ತಿ ಆಡಿಸಿದವನು ನನ್ನನ್ನು ಹೀಗೆ ಎತ್ತಿಕೊಂಡು ಹೋಗಿ ಇಳಿಸುತ್ತಾನೆ ಎಂದು ಗೊತ್ತಿದ್ದರೆ ಅವತ್ತು ಪಾಟಿ ಇಳಿಸುವಾಗ ಅಷ್ಟು ಅಳುತ್ತಿರಲಿಲ್ಲ.

ಸೇಡಂನ ಪಕ್ಷದವರು ನಿನಗೆ ಹೇಳಿದ್ದೂ ನನಗೆ ಗೊತ್ತಾಗಿದೆ. "ಆಗ ತಪ್ಪು ಮಾಡಿದೆ ಅಂತ ಸಭಾದಾಗ ಒಂದು ಮಾತು ಅನ್ರಿ, ಮಂದಿ ಮರೀತಾರ" ಅಂದರಂತೆ. ನೀನು ಆ ಒಂದು ಮಾತು ಹೇಳಲಿಲ್ಲ, ಎದ್ದು ಚಿತ್ತಾಪುರದ ಗಾಡಿ ಹತ್ತಿದೆ. ಅದಕ್ಕೂ ನಿನಗೆ ಶರಣು. ಹೇಳಿದ್ದರೆ ನನ್ನ ಮೊಮ್ಮಗ ತಪ್ಪಿನಿಂದ ಉಳಿದವನಾಗುತ್ತಿದ್ದ.

ಆದರೆ ಹೇಳಲಾರೆ ಎಂದು ಬಿಟ್ಟು ಹೋಗುವುದೂ ಸರಿಯಲ್ಲ. ನೀನು ನಿಲ್ಲಬೇಕು. ನಿಂತು, ಹೌದು, ಊರು ಬಿಡಿಸಿದವನು ನಾನೇ, ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಬಿಡಿಸುತ್ತೇನೆ ಎನ್ನಬೇಕು. ಒಲೆಯ ಪ್ರಶ್ನೆ ಬಂದರೆ ನೀನು ಕುಳಿತುಕೋ, ನಾನು ಏಳುತ್ತೇನೆ. ನನ್ನ ಗಂಟಲು ನಿನಗೆ ಗೊತ್ತು, ಚಿಂಚೋಳಿಯ ಹಿಂದಿನ ಸಾಲಿಗೂ ಮುಟ್ಟುತ್ತದೆ. ಸೋಲಬಹುದು. ಅಂಬರಾಯನಂಥವರು ತಾಲೂಕಿನ ತುಂಬ ಇದ್ದಾರೆ. ಸೋತರೆ ಸೋತೆ, ಕಲ್ಲಿನ ಅಂಗಡಿ ಎಲ್ಲಿಗೂ ಓಡುವುದಿಲ್ಲ. ಪಕ್ಷದವರು ಬೇಡ ಅಂದರೆ ಪಕ್ಷವಿಲ್ಲದೆ ನಿಲ್ಲು.

ನಾಡಿದ್ದು ದೀಪಾವಳಿ. ನಿನಗೆ ಆರತಿ ಎತ್ತಿ ನಾಲ್ಕು ವರ್ಷವಾಯಿತು. ಈ ಸಲವೂ ಬರುವುದಿಲ್ಲ ಎಂದು ಗೊತ್ತು, ಕಾಗದ ಮುಟ್ಟುವುದರೊಳಗೆ ಹಬ್ಬ ಮುಗಿದಿರುತ್ತದೆ. ನಿನ್ನ ಹೆಂಡತಿ ಮಹಾ ಸಂಕೋಚದವಳು, ಅವಳಿಗೆ ಈ ಕಾಗದ ಓದಿ ಹೇಳು, ಅತ್ತಿಗೆ ಎಂಥವಳೆಂದು ಅವಳಿಗೂ ತಿಳಿಯಲಿ. ಮೈ ಜೋಪಾನ. ಕಲ್ಲಿನ ಪುಡಿ ಎದೆಗೆ ಹೋಗುತ್ತದಂತೆ, ಬೆಲ್ಲ ತಿನ್ನು.

ಇಂತಿ ನಿನ್ನನ್ನು ಸೊಂಟದ ಮೇಲೆ ಹೊತ್ತವಳು, ಊರ ಮುಂದೆ ಉಡಿ ತುಂಬಿದವಳು,
ನಿನ್ನ ಅಕ್ಕ
ಮಹಾದೇವಮ್ಮ

ತಾ.ಕ.: ಬರೆಯಲಾರೆ ಎಂದು ಮೇಲೆ ಅಷ್ಟು ಗೊಣಗಿದೆನಲ್ಲ, ಬರೆಯುವ ಮೊದಲೇ ಒಂದು ಕೆಲಸ ಮಾಡಿ ಮುಗಿಸಿದ್ದೇನೆ. ನಿನ್ನ ಮಾವನಿಗೂ ಗೊತ್ತಿಲ್ಲ. ನಿನ್ನೆ ಸಾಯಬಣ್ಣನ ಬಂಡಿಯಲ್ಲಿ ಚಿಂಚೋಳಿ ಕಚೇರಿಗೆ ಹೋಗಿ ಉಮೇದುವಾರಿಕೆಯ ಅರ್ಜಿ ತಂದೆ. ನಿನ್ನ ಹೆಸರು ಸೂಚಿಸುವವರ ಜಾಗದಲ್ಲಿ ನನ್ನ ರುಜು ಆಗಿದೆ. ಅನುಮೋದಿಸುವವರ ಜಾಗದಲ್ಲಿ ಜೈತುನ್ಬೀಯ ಹೆಬ್ಬೆಟ್ಟು. ಮತದಾರರ ಪಟ್ಟಿ ಬರೆಯಲು ಬಂದವನು ಅವಳನ್ನು ಬರೀ "ಮಜೀದಸಾಬನ ಹೆಂಡತಿ" ಅಂತ ಬರೆದುಕೊಂಡು ಹೋಗಿದ್ದ. ಹೋದ ವರ್ಷವೇ ಅವನ ಹಿಂದೆ ಎರಡು ಊರು ನಡೆದು, ಜಗಳಾಡಿ ಅವಳ ಹೆಸರು ಹಾಕಿಸಿದ್ದೆ. ಯಾಕೆ ಎಂದು ಆಗ ಯಾರಿಗೂ ಹೇಳಲಿಲ್ಲ. ಈ ಹೆಬ್ಬೆಟ್ಟು ನೋಡಿ ಮಾಸ್ತರರು "ಇದರಿಂದ ಓಟ ಹೋಗ್ತಾವ್ರಿ" ಅಂದರು. ಹೋಗುವವು ಹೋಗಲಿ ಅಂದೆ. ನಿನ್ನ ರುಜುವಿನ ಜಾಗ ಖಾಲಿ ಇದೆ. ನವೆಂಬರ್ ಹತ್ತರೊಳಗೆ ಉತ್ತರ ಬರಬೇಕು.